ಲುವೀನಿಯಾ ಬಾಯಿ ಮುಚ್ಚಿ ಕೂತ ಭಾನುವಾರ

ನಮ್ಮ ಚರ್ಚಿನಲ್ಲಿ ಪ್ರಸಂಗಪೀಠದ ಬಲಕ್ಕಿರುವ ಮೊದಲ ಬೆಂಚು ಲುವೀನಿಯಾ ಟಿಸ್‌ಡೇಲಳದು. ಅದರ ಮೇಲೆ ಹೆಸರೇನೂ ಬರೆದಿಲ್ಲ, ಆದರೂ ಬೇರೆಯವರು ಕೂರುವುದಿಲ್ಲ. ಅವಳ ಪಕ್ಕ ನಾನು ಕೂರುತ್ತೇನೆ. ನನ್ನ ಗಂಡ ತೀರಿಕೊಂಡ ವರ್ಷ ಅವಳೇ ನನ್ನ ತೋಳು ಹಿಡಿದು ಅಲ್ಲಿ ಕೂರಿಸಿದಳು.

ಪ್ರಸಂಗಕ್ಕೆ ಮೊದಲ ಉತ್ತರ ಕೊಡುವವಳು ಅವಳು. ಪೀಠದ ಮೇಲಿನಿಂದ ಬೋಧನೆಯ ಒಂದು ಮಾತು ಬಂದರೆ ಕೆಳಗೆ ಬೆಂಚುಗಳಿಂದ ಒಂದು ಮಾತು ಏಳಬೇಕು. ಏಳದಿದ್ದರೆ ನಮ್ಮಲ್ಲಿ ಅದು ಪ್ರಸಂಗವೇ ಅಲ್ಲ. ಲುವೀನಿಯಾ ಶುರುಮಾಡುತ್ತಾಳೆ, ಸಭೆ ಅವಳ ಹಿಂದೆ ಬರುತ್ತದೆ. ಅವಳಿಗಿರುವುದು ಮೂರೇ ಮಾತು. ಪ್ರಸಂಗ ಚೆನ್ನಾಗಿ ಸಾಗಿದರೆ "ಹೇಳು, ಹೇಳು!" ಎನ್ನುತ್ತಾಳೆ. ಪ್ರಸಂಗಿಯ ಎದೆ ತುಂಬಿ ಬಂದಾಗ "ನಿಧಾನ ಮಗಾ, ನಿಧಾನ" ಎನ್ನುತ್ತಾಳೆ. ನಾವೆಲ್ಲ ನಿನ್ನ ಜೊತೆ ಇದ್ದೇವೆ, ಎಷ್ಟು ಹೊತ್ತಾದರೂ ಕೂರುತ್ತೇವೆ ಎಂದು ಅದರ ಅರ್ಥ. ಪ್ರಸಂಗ ಮುಳುಗತೊಡಗಿದರೆ ಮಾತ್ರ "ಕರ್ತನೇ, ಇವನ ಕೈ ಹಿಡಿ" ಎನ್ನುತ್ತಾಳೆ. ಅದು ಕಿವಿಗೆ ಬಿದ್ದ ಪ್ರಸಂಗಿ ಬೇಗ ಆಮೆನ್ ಹೇಳಿ ಕೂತುಬಿಡುವುದು ಒಳ್ಳೆಯದು. ಊಟದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿರುತ್ತದೆ.

ಅವಳ ಅಪ್ಪ ಹತ್ತಿ ಹೊಲದ ಅಂಚಿನ ಪ್ರಾರ್ಥನೆಯ ಮನೆಯಲ್ಲಿ ಪ್ರಸಂಗ ಮಾಡುತ್ತಿದ್ದ. ಅವನಿಗೆ ತೊದಲು. ಮಾತು ಸಿಕ್ಕಿಹಾಕಿಕೊಂಡಾಗ ಮುಂದೆ ಕೂತ ಮಗಳು ಒಂದು ಮಾತು ಎಸೆಯುತ್ತಿದ್ದಳು, ಅಷ್ಟರಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಿದ್ದ. ಮದುವೆಯಾದ ಮೇಲೆ ಅವಳು ಪೇಟೆಯ ಲಾಂಡ್ರಿಯಲ್ಲಿ ಬಿಳಿಯರ ಅಂಗಿಗಳಿಗೆ ಇಸ್ತ್ರಿ ಹಾಕಿದಳು, ಮುದುಕಿಯಾಗುವವರೆಗೂ. ಅಲ್ಲಿ ಅವಳ ದನಿ ಕೇಳಿದವರಿಲ್ಲ. "ವಾರವೆಲ್ಲ ಬಾಯಿ ಮುಚ್ಕೊಂಡಿರ್ತೀನಿ ಕಣೇ. ಭಾನುವಾರವಾದ್ರೂ ಅದಕ್ಕೆ ಸ್ವಲ್ಪ ಗಾಳಿ ಬೇಡ್ವಾ?" ಎನ್ನುತ್ತಿದ್ದಳು.

ಅಮೆರಿಕದಲ್ಲಿ ಫೆಬ್ರುವರಿ ನಮ್ಮ ಕಪ್ಪು ಜನರ ಪರಂಪರೆಯ ತಿಂಗಳು. ಭಾನುವಾರಕ್ಕೊಬ್ಬ ಅತಿಥಿ ಪ್ರಸಂಗಿ ಬಂದು ಹಿರಿಯರ ಕತೆ ಹೇಳುತ್ತಾರೆ. ಹೋದ ವರ್ಷ ಕೊನೆಯ ಭಾನುವಾರಕ್ಕೆ ಮಿನ್ನೆಸೋಟಾದಿಂದ ಡಾಕ್ಟರ್ ಅಲಿಸ್ಟರ್ ಪೆಂಡರ್ ಬಂದರು. ನಮ್ಮವರೇ, ಆದರೆ ಹುಟ್ಟಿ ಬೆಳೆದದ್ದು ಉತ್ತರದ ಹಿಮದಲ್ಲಿ, ಸದ್ದೇ ಇಲ್ಲದ ಚರ್ಚಿನಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವವರು.

ಆರಾಧನೆಗೆ ಮೊದಲು ನಮ್ಮ ಪಾಸ್ಟರ್ ಮ್ಯಾನಿಗೋ ಬೆಂಚಿನ ಬಳಿ ಬಂದು ಬಗ್ಗಿದರು. ಅವರು ನಮ್ಮೂರಿಗೆ ಹೊಸಬರು, ಒಳ್ಳೆಯವರು, ಸ್ವಲ್ಪ ಗಾಬರಿ ಹೆಚ್ಚು. ಚರ್ಚಿನ ಹಿರಿಯ ಹೆಂಗಸರನ್ನು ನಮ್ಮಲ್ಲಿ ಮದರ್ ಎಂದೇ ಕರೆಯುವುದು.

"ಮದರ್ ಟಿಸ್‌ಡೇಲ್, ಒಂದು ಮಾತು. ಡಾಕ್ಟರು ಬರ್ಕೊಂಡು ಬಂದು ಓದೋರು. ಕೆಳಗಿಂದ ಕೂಗಿದ್ರೆ ಸಾಲು ತಪ್ಪಿಹೋಗ್ತಾರೆ. ಇವತ್ತೊಂದಿನ ನೀವು ಸುಮ್ಮನಿದ್ರೆ..."

ಲುವೀನಿಯಾ ಬಿಳಿ ಟೋಪಿಯ ಅಂಚು ಮುಟ್ಟಿಕೊಂಡಳು. "ಇವತ್ತೊಂದೇ ದಿನಾನಾ ಪಾಸ್ಟರ್?"

"ನೋಡೋಣ ಮದರ್. ಮುಂದೆ ಹೇಗೇಂತ ಯೋಚನೆ ಮಾಡೋಣ."

"ಆಗ್ಲಿ. ಮಾತು ಕೊಟ್ಟೆ."

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಲಿಲ್ಲ. "ಲಾಂಡ್ರೀಲಿ ಕಲಿತದ್ದು ಇಲ್ಲೂ ಕೆಲಸಕ್ಕೆ ಬಂತು ನೋಡು" ಎಂದಳು, ಅಷ್ಟೇ.

ಡಾಕ್ಟರ್ ಪೆಂಡರ್ ಎದ್ದು ನಿಂತು ಓದತೊಡಗಿದರು. ಈ ಚರ್ಚನ್ನು ಕಟ್ಟಿದವರು ಹಗಲೆಲ್ಲ ಬೇರೆಯವರ ಹೊಲದಲ್ಲಿ ದುಡಿದು, ಸಂಜೆ ಇಟ್ಟಿಗೆ ಹೊತ್ತವರು ಎಂದರು. ಚಿನ್ನದಂಥ ಮಾತು. ಸಭೆ ಲುವೀನಿಯಾಳಿಗಾಗಿ ಕಾಯಿತು. ಲುವೀನಿಯಾ ಕೈ ಕಟ್ಟಿ ಕೂತಿದ್ದಳು. ಅವಳು ಶುರುಮಾಡದೆ ನಮ್ಮ ಬಾಯಿಗೂ ಮಾತು ಬರಲಿಲ್ಲ. ಅವರು ತಲೆ ಎತ್ತಿ ನೋಡಿದರು, ಇನ್ನೂ ಬೇಗ ಓದಿದರು. ಮತ್ತೆ ಮೌನ. ಬೆವರು ಒರೆಸಿಕೊಂಡರು. ಅವಸರದಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿ, ಇಟ್ಟಿಗೆಯಿಂದ ನೇರ ಬೈಬಲಿನ ಯೋನನನ್ನು ನುಂಗಿದ ಮೀನಿನ ಹೊಟ್ಟೆಗೆ ಬಿದ್ದು, ಅಲ್ಲೇ ನಿಂತುಬಿಟ್ಟರು.

ನಾನು ಲುವೀನಿಯಾಳನ್ನು ಮೊಣಕೈಯಿಂದ ತಿವಿದೆ. "ಏನಾದ್ರೂ ಅನ್ನೇ! ಪಾಪ, ಸಾಯ್ತಿದಾನೆ."

"ಮಾತು ಕೊಟ್ಟಿದೀನಿ."

ಪಾಸ್ಟರ್ ಮೆಲ್ಲಗೆ ಪಕ್ಕದ ಮೆಟ್ಟಿಲಿಳಿದು ಬಂದರು. "ಮದರ್, ದಯವಿಟ್ಟು."

"ಏನು ದಯವಿಟ್ಟು? ನಾನು ಬಾಯಿ ಬಿಟ್ರೆ ಸಾಲು ತಪ್ಪುತ್ತೆ ಅಂದ್ರಲ್ಲ."

"ಅದು ಆಗ್ಲೇ ತಪ್ಪಿದೆ ಮದರ್."

ಸಭೆಯೆಲ್ಲ ಆ ಮೂರನೆಯ ಮಾತಿಗೆ ಕಿವಿ ನಿಮಿರಿಸಿತ್ತು. ಅದನ್ನು ಅಂದಿದ್ದರೆ ಯಾರೂ ಅವಳದು ತಪ್ಪೆನ್ನುತ್ತಿರಲಿಲ್ಲ. ಆದರೆ ಅಷ್ಟು ದೂರದಿಂದ ಬಂದವನಿಗೆ ಪ್ರಸಂಗದಲ್ಲಿ ಮುಳುಗಿದವನೆಂಬ ಹೆಸರು ಅಂಟಿದರೆ ಹೋಗುವುದಿಲ್ಲ. ಲುವೀನಿಯಾ ಮುಂದಕ್ಕೆ ಬಾಗಿದಳು. "ನಿಧಾನ ಮಗಾ, ನಿಧಾನ."

ಡಾಕ್ಟರ್ ಪೆಂಡರ್ ಬೆಚ್ಚಿ ಕನ್ನಡಕ ತೆಗೆದರು. "ಕ್ಷಮಿಸೀಮ್ಮ" ಎಂದರು, "ತುಂಬಾ ಅವಸರ ಮಾಡ್ಬಿಟ್ಟೆ."

ಆ ಮಾತಿಗೆ ಕ್ಷಮೆ ಕೇಳಿದವರನ್ನು ನಮ್ಮ ಚರ್ಚು ಕಂಡಿರಲಿಲ್ಲ. ಹಾಡುವ ಹೆಂಗಸರು ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಂಡರು, ಹಿಂದಿನ ಸಾಲಿನಲ್ಲಿ ಯಾರೋ ಗಟ್ಟಿಯಾಗಿಯೇ ನಕ್ಕರು. ಡಾಕ್ಟರೂ ನಕ್ಕರು. ನೀರು ಕುಡಿದು, ಹಾಳೆ ಮಡಿಸಿಟ್ಟು, ನಿಜವಾಗಿಯೂ ನಿಧಾನವಾಗಿ, ತಮ್ಮ ಅಜ್ಜಿ ಈ ಕಡೆಯಿಂದ ಉತ್ತರಕ್ಕೆ ರೈಲು ಹತ್ತಿದ್ದನ್ನು ಹೇಳತೊಡಗಿದರು. ಬುಟ್ಟಿಯಲ್ಲಿ ಕೋಳಿಯ ತುಂಡು, ಮಡಿಲಲ್ಲಿ ಕೂಸು.

"ಹೇಳು, ಹೇಳು!" ಎಂದಳು ಲುವೀನಿಯಾ. ಆಮೇಲೆ ಸಭೆಯನ್ನು ಹಿಡಿಯುವವರೇ ಇರಲಿಲ್ಲ.

ಊಟಕ್ಕೆ ಅಲಸಂದೆ ಕಾಳು, ಅನ್ನ, ಸೊಪ್ಪು, ಕರಿದ ಕೋಳಿ. ಡಾಕ್ಟರ್ ಪೆಂಡರ್ ತಟ್ಟೆ ಹಿಡಿದು ಲುವೀನಿಯಾಳ ಎದುರಿಗೇ ಬಂದು ಕೂತರು.

"ನನ್ನಮ್ಮನೂ ಹೀಗೇ ಬೈತಿದ್ರು, ಓಡಬೇಡ, ನಿಧಾನ ಮಾತಾಡು ಅಂತ. ನೀವು ಸರಿಯಾಗಿ ಹಿಡಿದ್ರಿ."

"ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಅದರ ಅರ್ಥ..." ಎಂದು ಪಾಸ್ಟರ್ ಬಾಯಿ ತೆರೆದರು. ಲುವೀನಿಯಾ ದೊಡ್ಡದೊಂದು ಕೋಳಿಕಾಲನ್ನು ಅವರ ತಟ್ಟೆಗೆ ಹಾಕಿದಳು. "ಬಿಸಿ ಇದೆ, ತಿನ್ನಿ ಪಾಸ್ಟರ್." ಡಾಕ್ಟರ ಕಡೆ ತಿರುಗಿ, "ಬರೋ ವರ್ಷಾನೂ ಬಾ ಮಗಾ. ಆ ಹಾಳೆಗಳನ್ನ ಮನೇಲೇ ಬಿಟ್ಟು ಬಾ" ಎಂದಳು.

ಮೇಜು ಒರೆಸುವಾಗ ಪಾಸ್ಟರ್ ಮತ್ತೆ ಬಂದರು. ತಲೆ ತಗ್ಗಿಸಿದ್ದರು. "ಮುಂದಿನ ಭಾನುವಾರ ನನ್ನದೇ ಪ್ರಸಂಗ, ಮದರ್."

"ಗೊತ್ತು."

"ನೀವು ಸುಮ್ಮನೆ ಕೂರ್ಬಾರ್ದು."

"ಕೂರಲ್ಲ ಬಿಡಿ" ಎಂದಳು ಲುವೀನಿಯಾ. "ಆದ್ರೆ ಮೂರರಲ್ಲಿ ಯಾವ್ದು ಅನ್ನೋದು ಪ್ರಸಂಗ ನೋಡ್ಕೊಂಡು."