ಹೆಬ್ಬೆರಳಿನ ಕೆಳಗಿನ ಹಾಳೆಗಳು

…ಅಥವಾ ಕಾದಂಬರಿಯ ಆ ಕೊನೆಯ ಮಾತನ್ನು ನಾನು ಹೇಳಲೇ ಇಲ್ಲವೋ, ಅತ್ತೆಯವರೇ ಹೇಳಿ ಮುಗಿಸಿದರೋ—ಅದೊಂದು ಈಗಲೂ ಸ್ಪಷ್ಟವಿಲ್ಲ. ಉಳಿದದ್ದು ಸ್ಪಷ್ಟವಿದೆ, ನೀಲಾ. ಆ ಕಾದಂಬರಿ ಅಲ್ಲಿಗೆ ಮುಗಿದಿರಲಿಲ್ಲ. ಮುಗಿಯಿತು ಎಂದು ನಾನು ನಿನಗೆ ಸುಳ್ಳು ಹೇಳಿದೆ. ಇನ್ನೂ ಮೂರು ಅಧ್ಯಾಯಗಳಿದ್ದವು. ಮೊನ್ನೆ ಪುಸ್ತಕ ಕೊಂಡು ತಂದು ನೋಡಿದ್ದರಿಂದ ಮೂರು ಎನ್ನುತ್ತಿದ್ದೇನೆ. ನನ್ನ ನೆನಪು ಒಂದೇ ಎನ್ನುತ್ತಿತ್ತು. ನೆನಪು ನನ್ನ ಪಕ್ಷ ವಹಿಸುತ್ತದೆ, ಅದನ್ನು ನಂಬಬೇಡ.

ಸಿಂದಗಿಯ ನಿನ್ನ ತವರುಮನೆ, ಬೇಸಿಗೆಯ ಮಧ್ಯಾಹ್ನ, ಪಡಸಾಲೆಯಲ್ಲಿ ನೀವೆಲ್ಲ ಶಾವಿಗೆ ಹೊಸೆಯುತ್ತಿದ್ದಿರಿ. ನಾನು ಓದುತ್ತಿದ್ದೆ. ಬಸವನ ಬಾಗೇವಾಡಿಯಲ್ಲಿ ಬಿ.ಎ. ಮುಗಿಸಿ ನಿನ್ನ ಅಣ್ಣನ ಕೈಹಿಡಿದು ನಿಮ್ಮ ಮನೆಗೆ ಸೊಸೆಯಾಗಿ ಬಂದ ನನಗೆ ಪುಸ್ತಕ ಹಿಡಿಯಲು ಇದ್ದ ದಾರಿ ಅದೊಂದೇ. ಒಬ್ಬಳೇ ಕೂತು ಓದಿದರೆ ಮೈಗಳ್ಳಿ. ಎಲ್ಲರ ಕೈ ಕೆಲಸದಲ್ಲಿರುವಾಗ ಗಟ್ಟಿಯಾಗಿ ಓದಿದರೆ ಜಾಣ ಸೊಸೆ.

ಅದು ಹಳೆಯ ಕಾಲದ ಒಬ್ಬ ದೇಸಾಯಿ ಮತ್ತು ಅವನ ಹೆಂಡತಿ ಅಂಬಾಬಾಯಿಯ ಕಥೆ. ಅರಮನೆಯಂಥ ದೊಡ್ಡ ವಾಡೆ, ಮುತ್ತಿನ ಸರಗಳು, ಮೇಣೆ. ಆದರೆ ಗಂಡ ಅವಳೊಂದಿಗೆ ಮಾತಾಡುವುದಿಲ್ಲ. ಏನಿದ್ದರೂ ದಾಸಿಯ ಬಾಯಿಂದ ಹೇಳಿಸುತ್ತಾನೆ. ಬೇಸತ್ತ ಅಂಬಾಬಾಯಿ ತವರಿಗೆ ಬಂದು ಕೂರುತ್ತಾಳೆ.

ನೀನೂ ಇಂಡಿಯ ಗಂಡನ ಮನೆಯಿಂದ ಬಂದು ಕೂತಿದ್ದೆ. ಹೊಡೆತ ಬಡಿತವಿಲ್ಲ, ಕುಡಿತವಿಲ್ಲ. ಹಾಗಾಗಿ ನಿನ್ನ ದುಃಖಕ್ಕೆ ಹೆಸರೂ ಇರಲಿಲ್ಲ. “ಊಟಕ್ಕ ನೀಡು ಅಂತ ಗ್ವಾಡಿಗೆ ಹೇಳ್ತಾರ ವೈನಿ. ಗ್ವಾಡಿ ನನಗ ಹೇಳಬೇಕು,” ಅಂದಿದ್ದೆ. ಗೋಡೆಯ ಆ ಮಾತನ್ನು ನಗುತ್ತ ಅಂದಿದ್ದೆ. ನಗುತ್ತಲೇ? ಆ ನಗುವನ್ನೂ ನಾನೇ ಆಮೇಲೆ ಸೇರಿಸಿರಬಹುದು.

ದಿನದ ಓದು ನಿಂತೊಡನೆ ಅಭಿಪ್ರಾಯಗಳು ಶುರು. ಪಕ್ಕದ ಮನೆಯ ಕಸ್ತೂರಕ್ಕನದೇ ಮೊದಲು: “ಮಾತಾಡಂಗಿಲ್ಲ, ಅಷ್ಟ ಹೌದಿಲ್ಲೋ? ನಮ್ಮನ್ಯಾಂವ ಬಾಯಿ ಮುಚ್ಚಂಗಿಲ್ಲ. ಆ ದೇಸಾಯೀನ ನನಗ ಕೊಟ್ಟು, ಇಂವನ್ನ ವಾಡೇಕ ಒಯ್ಯಲಿ!”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. “ಮೈತುಂಬ ಮುತ್ತು ಹಾಕ್ಕೊಂಡಾಕಿಗೆ ಮ್ಯಾಲ ಮಾತು ಬ್ಯಾರೆ ಬೇಕೇನ? ತವರಾಗ ಎಷ್ಟ ದಿನ ಕುಂದರ್ತಾಳ?” ಮಾತು ಅಂಬಾಬಾಯಿಗೆ, ನೋಟ ನಿನಗೆ.

ನೀನು ಹಿಟ್ಟಿನಿಂದ ತಲೆ ಎತ್ತದೆ, “ಕಡೀಕ ಏನ್ ಮಾಡ್ತಾಳ ನೋಡೂಣು,” ಅಂದೆ.

ಕಡೆಗೆ ಏನು ಮಾಡುತ್ತಾಳೆಂದು ನನಗೆ ಆಗಲೇ ಗೊತ್ತಿತ್ತು—ಕದ್ದು ಓದಿ ಮುಗಿಸಿದ್ದೆ. ಅತ್ತೆಗೂ ವಾಸನೆ ಬಡಿದಿರಬೇಕು. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: “ಆಕಿ ಗಂಡನ್ನ ಬಿಡೂ ಕತಿ ಇದ್ರ ಪುಸ್ತಕ ನಾಳೇನ ವಾಪಸ್ ಕೊಟ್ಟ ಬಾ. ಇನ್ನೊಂದು ಈ ಮನಿಗೆ ತರೂದು ಬ್ಯಾಡ.”

ಮರುದಿನ ಓದಿದ ಅಧ್ಯಾಯದಲ್ಲಿ ದೇಸಾಯಿ ತಾನೇ ಹೆಂಡತಿಯ ತವರಿನ ಬಾಗಿಲಿಗೆ ಬರುತ್ತಾನೆ. ನಮ್ಮಲ್ಲಿ ಹೇಗೆಂದು ನಿನಗೆ ಹೇಳಬೇಕಿಲ್ಲ—ಹಿರಿಯರು ಕರೆಯಲು ಬಂದರೆ ಏನಾದರೂ ನೆವ ಹೇಳಬಹುದು, ಗಂಡನೇ ಬಂದು ನಿಂತರೆ ಒಲ್ಲೆ ಎನ್ನಲು ಹೆಣ್ಣಿಗೆ ಜಾಗವೇ ಉಳಿಯುವುದಿಲ್ಲ. ಅಂಬಾಬಾಯಿ ಮೇಣೆ ಹತ್ತುತ್ತಾಳೆ. ಅಲ್ಲಿ ನಾನು ಪುಸ್ತಕ ಮುಚ್ಚಿದೆ. “ಮುಂದ ಸುಖದಾಗಿದ್ರು”—ಈ ಮಾತು ನನ್ನದೋ, ಅತ್ತೆಯದೋ. ನನ್ನದೆಂದೇ ಇಟ್ಟುಕೋ.

“ವೈನಿ, ಹಾಳಿ ಇನ್ನೂ ಅದಾವಲ್ಲ?”

ನನ್ನ ಹೆಬ್ಬೆರಳು ಅವುಗಳ ಮೇಲೇ ಇತ್ತು. “ಅದು ಪುಸ್ತಕ ಬರದವರ ಮಾತು. ವಾಡೆ ಎಲ್ಲಿತ್ತು, ಹೆಂಗಿತ್ತು ಅಂತ.”

ನೀನು ಕೈ ಚಾಚಿದೆ. ನಾನು ಪುಸ್ತಕವನ್ನು ಎದೆಗೆ ಎಳೆದುಕೊಂಡೆ. “ಹಿಟ್ಟು ಹತ್ತತೈತಿ ನೀಲಾ, ಲೈಬ್ರರಿ ಪುಸ್ತಕ.”

“ಗಂಡ ಬಾಗಲಿಗೆ ಬಂದ, ಮುಗೀತ ತಗೋ! ಇನ್ನೇನ ದೇಸಾಯಿ ಕಾಲ ಬೀಳಬೇಕೇನ?” ಎಂದಳು ಕಸ್ತೂರಕ್ಕ. ನಿನ್ನ ಕೈ ಹಿಂದಕ್ಕೆ ಹೋಯಿತು.

ಶಾವಿಗೆ ಒಣಗಿ ಡಬ್ಬಿ ಸೇರುವ ಮೊದಲೇ ನಿನ್ನ ಗಂಡ ಬಂದರು. “ದೇಸಾಯಿ ಬಂದ್ರು ನೋಡ್ರೆವ್ವಾ!” ಎಂದು ಕಸ್ತೂರಕ್ಕ ಕೂಗಿದಳು, ನಾನೂ ನಕ್ಕೆ. ಅವರು ನಿನ್ನ ಎದುರೇ ನಿಂತು, ನಿನ್ನ ತಾಯಿಗೆ ಹೇಳಿದರು: “ಅತ್ತಿ, ಆಕಿಗೆ ತಯಾರ ಆಗಂತ ಹೇಳ್ರಿ.”

ಎಲ್ಲರಿಗೂ ಕೇಳಿಸಿತು. ಯಾರಿಗೂ ಕೇಳಿಸಲಿಲ್ಲ. ಹೊರಡುವಾಗ ನೀನು ನನ್ನ ಕಡೆ ನೋಡಿದೆಯಾ? ಒಂದು ನೆನಪಿನಲ್ಲಿ ನೋಡುತ್ತೀ. ಇನ್ನೊಂದರಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದೀ.

ನನ್ನ ಓದು ಉಳಿಯಲೆಂದು ಹಾಗೆ ಮಾಡಿದೆ. ಉಳಿಯಿತು, ಮುಂದಿನ ವಾರ ಇನ್ನೊಂದು ಪುಸ್ತಕ ತಂದೆ. ಮತ್ತು—ಇದನ್ನೂ ಬರೆದುಬಿಡುತ್ತೇನೆ—ನಮ್ಮ ಕೋಣೆಯ ಬಾಗಿಲಿನ ಆಚೆ ಹಾಸಿರುತ್ತಿದ್ದ ನಿನ್ನ ಹಾಸಿಗೆ ಇಲ್ಲವಾದದ್ದು ನನಗೆ ಹಗುರೆನಿಸಿತು.

ಹೋದ ವರ್ಷ ಮುದ್ದೇಬಿಹಾಳದ ಮದುವೆಯಲ್ಲಿ ಹುಡುಗಿಯರ ನಡುವೆ ಕೂತು ನೀನು ಹೇಳುತ್ತಿದ್ದೆ: “ವೈನಿ ಓದಿದ್ರ ಸಿನಿಮಾ ನೋಡಿದಂಗ ಇರ್ತಿತ್ತವಾ. ಒಂದು ದೇಸಾಯಿ ಕತಿ ಇತ್ತು…” ಒಬ್ಬಳು ಕೇಳಿದಳು, “ಕಡೀಕ ಏನಾತ್ರಿ ಅತ್ತಿ?” ನೀನು ನನ್ನತ್ತ ತಿರುಗಿದೆ. “ವೈನೀನ್ನ ಕೇಳ್ರಿ.”

ಮರೆತೆ ಅಂದೆ. ಎರಡನೆಯ ಸುಳ್ಳು.

ಕಡೆಗೆ ಆದದ್ದು ಇದು. ವಾಡೆಗೆ ಮರಳಿದ ಮೇಲೂ ದೇಸಾಯಿ ಮಾತಾಡುವುದಿಲ್ಲ. ಒಂದು ಮುಂಜಾನೆ ಅಂಬಾಬಾಯಿ ಮುತ್ತುಗಳನ್ನು ಕಳಚಿಟ್ಟು, ಮೇಣೆ ಬೇಡವೆಂದು, ಹಗಲು ಬೆಳಕಿನಲ್ಲಿ ದೊಡ್ಡ ಬಾಗಿಲಿನಿಂದಲೇ ನಡೆದು ಹೊರಟುಬಿಡುತ್ತಾಳೆ. ಆಗ ಅವನು ಮೊದಲ ಸಲ ಅವಳ ಹೆಸರು ಹಿಡಿದು ಕೂಗುತ್ತಾನೆ. ಅವಳು ತಿರುಗುವುದಿಲ್ಲ. ಈಗ ಓದಿದರೆ ಅಂಥ ದೊಡ್ಡ ಕಾದಂಬರಿಯೇನಲ್ಲ, ಮುತ್ತು ತೀರಾ ಹೆಚ್ಚಾಯಿತು. ಆದರೆ ಆ ಮೂರು ಅಧ್ಯಾಯಗಳು ಚೆನ್ನಾಗಿವೆ. ಅವು ನಿನ್ನವಾಗಿದ್ದವು.

ಈ ವಾರ ಇಂಡಿಗೆ ಬರುತ್ತೇನೆ. ಪುಸ್ತಕ ನಿನ್ನ ಕೈಗೆ ಕೊಡುತ್ತೇನೆ. ನಾನು ಓದಿ ಹೇಳುವುದಿಲ್ಲ.

ಪೂರ್ತಿ ಕೇಳಿದ್ದರೆ ನೀನು ಹೋಗುತ್ತಿರಲಿಲ್ಲವೇ—ನನಗೆ ಗೊತ್ತಿಲ್ಲ. ಇಂಡಿಯಲ್ಲೂ ಗ್ರಂಥಾಲಯವಿದೆ, ನೀನೇ ಎಂದೋ ಓದಿ ಮುಗಿಸಿರಬಹುದು, ಅದೂ ಗೊತ್ತಿಲ್ಲ. ಅಂದು ಆ ಹಿಟ್ಟಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಾಗ ನೀನು ನನ್ನನ್ನು ನಂಬಿದ್ದೆಯೋ, ನಂಬಿದಂತೆ ಮಾಡಿದೆಯೋ—ಅದು ನನಗೆ ಗೊತ್ತಿಲ್ಲ.