ವೇಬ್ರಿಜ್ಜಿನ ಮೀನಾಕ್ಷಿ

ಆನಗೋಡು ರಸ್ತೆಯ ವೇಬ್ರಿಜ್ಜಿನಲ್ಲಿ ಲಾರಿ ತೂಗುವ ಮೀನಾಕ್ಷಿಗೆ ಆ ಸೋಮವಾರ ಕೊನೆಯ ಎಚ್ಚರಿಕೆ ಸಿಕ್ಕಿತು. ಕಂಪ್ಯೂಟರ್ ಇನ್ನೊಮ್ಮೆ ಕಲ್ಲಿನಂತೆ ನಿಂತರೆ ಅವಳ ಕೆಲಸ ನಿಂಗರಾಜನಿಗೆ. ಅವನು ಮಾಲೀಕ ವಾಮದೇವಪ್ಪನ ತಂಗಿಯ ಮಗ.

ಆ ಕೆಲಸ ಯಾರೂ ಅವಳಿಗೆ ದಾನ ಕೊಟ್ಟದ್ದಲ್ಲ. ತಾಯಿ ಹುಲಿಗೆಮ್ಮ ಮಾರುಕಟ್ಟೆಯಲ್ಲಿ ಚೆಲ್ಲಿದ ಮೆಕ್ಕೆಜೋಳ ಗುಡಿಸುತ್ತ ಬೆನ್ನು ಬಾಗಿದವಳು; ತೂಕದಲ್ಲಿ ಮೋಸವಾದಾಗ ಹಮಾಲರ ಜೊತೆ ಗೇಟಿಗೆ ಅಡ್ಡ ಕೂತವಳು. ಮಗಳು ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ತೂಕದ ಚೀಟಿ ಹುಟ್ಟುವ ಜಾಗಕ್ಕೇ ಬಂದು ಕೂತಳು. ನಾಲ್ಕು ವರ್ಷದಲ್ಲಿ ಒಂದು ಚೀಟಿಯೂ ತಪ್ಪಿರಲಿಲ್ಲ.

ಕಾಟ ಶುರುವಾದದ್ದು ಹೊಸ ಕೇಬಲ್ ಬಂದ ಮೇಲೆ. ತೂಕ ತೋರಿಸುವ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಅಂಕಿ ಒಯ್ಯುವ ಕೇಬಲ್ ಅದು. ಅದನ್ನು ನಡೆಸಲು ಡ್ರೈವರ್ ಎಂಬ ಸಾಫ್ಟ್‌ವೇರನ್ನೂ ಹಾಕಿದ್ದರು. ಆಮೇಲೆ ಮೌಸ್ ಮುಟ್ಟದಿದ್ದರೂ ಪರದೆಯ ಮೇಲಿನ ಬಾಣ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು, ಸಿಕ್ಕಿದ್ದನ್ನೆಲ್ಲ ತೆರೆಯುತ್ತಿತ್ತು, ಕೊನೆಗೆ ಎಲ್ಲ ಸ್ತಬ್ಧ. ಆ ಸೋಮವಾರವೂ ಹಾಗೇ ಆಗಿ ಲಾರಿಗಳು ಸಾಲುಗಟ್ಟಿದವು.

"ಏನಕ್ಕಾ, ಚೀಟಿ ಕೊಡ್ತೀಯೋ, ಇಲ್ಲೇ ಒಲೆ ಹೂಡಾನೋ?" ಲಾರಿಯ ಕಲ್ಲಪ್ಪ ಕೂಗಿದ.

"ಹೂಡಪ್ಪ, ನನಗೂ ಒಂದು ರೊಟ್ಟಿ ಬಡಿ."

ವಾಮದೇವಪ್ಪನಿಗೆ ನಗು ಬರಲಿಲ್ಲ. "ನಿನ್ ಕೈಗುಣನೇ ಸರಿ ಇಲ್ಲವ್ವ."

"ಶನಿವಾರ ನೀವು ಹರಿಹರಕ್ಕೆ ಮದುವಿಗೆ ಹೋದಾಗ್ಲೂ ಇದೇ ಕೈ ಸಾವ್ಕಾರ್ರೆ. ಒಂದ್ಸಲನೂ ನಿಲ್ಲಲಿಲ್ಲ."

ಹೇಳಿದ ಮೇಲೆ ಅವಳೇ ಯೋಚನೆಗೆ ಬಿದ್ದಳು. ವಾಮದೇವಪ್ಪ ದಿನಾ ಮೊದಲು ತೂಕದ ಪೆಟ್ಟಿಗೆ ಚಾಲೂ ಮಾಡಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ಕಂಪ್ಯೂಟರ್ ಹಾಕುತ್ತಿದ್ದ. ಅನ್ನ ಕೊಡುವುದು ತೂಕ, ಅದಕ್ಕೇ ಮೊದಲ ಪೂಜೆ. ಶನಿವಾರ ಅವಳು ಮೊದಲು ಕಂಪ್ಯೂಟರ್ ಹಾಕಿದ್ದಳು.

ಹರಿಹರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ, ಅವಳಿಗೆ ಕಂಪ್ಯೂಟರ್ ಕಲಿಸಿದ ಹಿದಾಯತನಿಗೆ ಫೋನ್ ಹಚ್ಚಿ ಇದನ್ನೆಲ್ಲ ಹೇಳಿದಳು.

"ಅರೆ, ಪೆಟ್ಟಿಗೆ ಮೊದಲೇ ಅಂಕಿ ಕಳಸ್ತಾ ಕುಂತಿರ್ತೈತೆ," ಎಂದ ಅವನು. "ಕಂಪ್ಯೂಟರ್ ಎದ್ದು ನೋಡಿ, ಯಾವ್ದೋ ಹಳೇ ಮೌಸ್ ಬಂತು ಅಂತ ಮೌಸಿನ ಡ್ರೈವರನ್ನೂ ಹಚ್ಚತೈತೆ. ಒಂದ್ ಕೇಬಲ್ಲಿಗೆ ಇಬ್ರು ಯಜಮಾನ್ರು. ಜಗಳ ಆಗ್ದೇ ಇರ್ತೈತಾ?"

"ಆ ಮೌಸಿನ ಡ್ರೈವರ್ ಕಿತ್ತಾಕ್ಲಾ ಭಾಯ್?"

"ಕೀಳಬ್ಯಾಡ, ನಾಳೆ ಮತ್ತೆ ಹುಟ್ಟತೈತೆ. ಡಿಸೇಬಲ್ ಮಾಡು, ಇದ್ರೂ ಕೆಲಸ ಮಾಡಲ್ಲ, ಸಾಕು."

ಅವಳು ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ, ಬಾಣ ಕುಣಿಯತೊಡಗಿದ ಕೂಡಲೇ ಪೆಟ್ಟಿಗೆ ಆರಿಸಿದಳು. ಕುಣಿತ ನಿಂತಿತು. ಸಾಧನಗಳ ಪಟ್ಟಿ ತೆಗೆದಳು. ಮೇಜಿನ ಮೇಲಿದ್ದದ್ದು ಒಂದು ಮೌಸ್, ಪಟ್ಟಿಯಲ್ಲಿ ಎರಡು. ಇಲ್ಲದ ಮೌಸಿನ ಬಾಯಿ ಮುಚ್ಚಿಸಿದಳು.

ಪೆಟ್ಟಿಗೆ ಮೊದಲು ಹಾಕಿದ್ದೇ ಕಾಟಕ್ಕೆ ಕಾರಣವೆಂದು ಸಂಜೆಯೇ ಮಾಲೀಕನಿಗೆ ಹೇಳಿದಳು. ಮಂಗಳವಾರ ವಾಮದೇವಪ್ಪ ನಿಂಗರಾಜನನ್ನು ಕರೆದುಕೊಂಡೇ ಬಂದ.

"ಪೂಜೆ ಬಿಡ್ಬೇಕೇನವ್ವ?"

"ಯಾಕ ಬಿಡ್ತೀರಿ? ದಿನದಂಗೇ ಮಾಡ್ರಿ."

ಪೆಟ್ಟಿಗೆ, ವಿಭೂತಿ, ಊದಿನಕಡ್ಡಿ, ಆಮೇಲೆ ಕಂಪ್ಯೂಟರ್. ಬಾಣ ಇದ್ದಲ್ಲೇ ನಿಂತಿತು. ಮಧ್ಯಾಹ್ನದೊಳಗೆ ಮೂವತ್ತೊಂದು ಲಾರಿ ತೂಗಿಯಾಗಿತ್ತು.

"ಹರಿಹರದಾಗೆ ನಮ್ಮಣ್ಣನ ವೇಬ್ರಿಜ್ಜಿಗೂ ಇದೇ ಕಾಟ ಐತೆ," ಎಂದ ವಾಮದೇವಪ್ಪ, ದನಿ ತಗ್ಗಿಸಿ. "ಹೋಗಿ ಬರ್ತೀಯಾ?"

"ಹೋಗ್ತೀನಿ. ನಿಂಗರಾಜಗೂ ಕಲಿಸ್ತೀನಿ. ಆದ್ರೆ ಇಲ್ಲಿ ಕೆಲಸ ನಂದು ಅಂತ ಈಗ್ಲೇ ಹೇಳ್ರಿ. ಇವನೆದ್ರಿಗೇ."

ವಾಮದೇವಪ್ಪ ಅತ್ತಿತ್ತ ನೋಡಿದ. "ನಿಂದೇ ಬಿಡವ್ವ."

"ಜೋರಾಗಿ ಹೇಳ್ರಿ ಸಾವ್ಕಾರ್ರೆ, ಲಾರಿ ಸದ್ದಿಗೆ ಕೇಳಲಿಲ್ಲ."

ಹೇಳಿದ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮರುದಿನ ಅವಳು ಹರಿಹರದ ಬಸ್ ಹತ್ತಿದಳು.