ಬಿರಾದಾರರ ಬೆಲ್

ರೈಲಿನ ಭೂತಗಳ ಬಗ್ಗೆ ನನಗೆ ಮೊದಲಿನಿಂದಲೂ ಅಂಥ ಗೌರವವಿರಲಿಲ್ಲ. ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಗಾರ್ಡ್ ಆಗಿ ಇಷ್ಟು ವರ್ಷ ಕಳೆದವನಿಗೆ ಅವುಗಳ ಪರಿಚಯ ಮಾಡಿಸಲು ಸಹೋದ್ಯೋಗಿಗಳು ಪಟ್ಟ ಶ್ರಮ ಕಡಿಮೆಯಲ್ಲ. ಹಳಿ ದಾಟುವ ತಲೆಯಿಲ್ಲದ ಮನುಷ್ಯ, ಕೊನೆಯ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಒಬ್ಬಳೇ ಕೂತ ಹೆಂಗಸು, ಹೀಗೆ ಸ್ಟೇಷನ್ನಿಗೊಂದರಂತೆ ಹುದ್ದೆ ಮಂಜೂರಾಗಿತ್ತು. "ಅವರ ಹತ್ತಿರ ಪಾಸ್ ಇತ್ತೇ?" ಎಂದು ಕೇಳಿ ನಾನು ಚಹಾ ಕುಡಿಯಲು ಹೋಗುತ್ತಿದ್ದೆ. ಈಗ ನಾನೇ ಒಂದು ಕಥೆ ಹೊತ್ತುಕೊಂಡು ನಿಮ್ಮ ಮುಂದೆ ನಿಂತಿದ್ದೇನೆ. ಇದರಲ್ಲಿ ಕತ್ತಲೆಯಿಲ್ಲ, ಬಿಳಿ ಸೀರೆಯಿಲ್ಲ. ನಡೆದದ್ದು ಮಟಮಟ ಮಧ್ಯಾಹ್ನ, ಸರ್ಕಾರಿ ಕರ್ತವ್ಯದ ಮೇಲೆ, ಇಸ್ತ್ರಿ ಮಾಡಿದ ಸಮವಸ್ತ್ರದೊಳಗೆ. ನಂಬದವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಬಹುಕಾಲ ಅವರ ಸಾಲಿನಲ್ಲೇ ಕೂತಿದ್ದವನು.

ಮೊದಲು ನಮ್ಮ ಬೆಲ್ಲಿನ ವಿಷಯ ಹೇಳಬೇಕು. ಲೋಕಲ್ ಗಾಡಿಯ ಮುಂದಿನ ತುದಿಯಲ್ಲಿ ಮೋಟರ್‌ಮನ್, ಹಿಂದಿನ ತುದಿಯಲ್ಲಿ ಗಾರ್ಡ್. ನಡುವೆ ಹನ್ನೆರಡು ಡಬ್ಬಿ ಮತ್ತು ಉಸಿರಾಡಲು ಜಾಗವಿಲ್ಲದ ಜನ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಮಾತೆಲ್ಲ ಬೆಲ್ಲಿನಲ್ಲೇ. ಜನ ಹತ್ತಿ ಇಳಿದದ್ದಾಯಿತೆಂದು ನಾನು ಎರಡು ಸಲ ಒತ್ತುತ್ತೇನೆ. ಅವನೂ ಎರಡು ಸಲ ಒತ್ತಿ ಉತ್ತರ ಕೊಟ್ಟು ಗಾಡಿ ಬಿಡುತ್ತಾನೆ. ಯಾರು ಒತ್ತಿದರೂ ಸದ್ದು ಎರಡೂ ತುದಿಗಳಲ್ಲಿ ಕೇಳಿಸುತ್ತದೆ. ನಿಯಮದ ಪುಸ್ತಕ ಎಷ್ಟು ಸಲ ಒತ್ತಬೇಕೆಂದು ಹೇಳುತ್ತದೆಯೇ ಹೊರತು ಹೇಗೆ ಒತ್ತಬೇಕೆಂದು ಹೇಳುವುದಿಲ್ಲ. ಮನುಷ್ಯ ನುಸುಳುವುದು ಅಲ್ಲೇ. ಕೆಲವು ವರ್ಷ ದುಡಿದ ಮೇಲೆ, ಮುಂದೆ ಕೂತವನು ಯಾರೆಂದು ಬೆಲ್ ಕೇಳಿಯೇ ಗಾರ್ಡ್ ಹೇಳಬಲ್ಲ. ಮೆಟ್ಟಿಲು ಹತ್ತುವ ಸದ್ದಿನಿಂದಲೇ ಮನೆಯವರನ್ನು ಗುರುತಿಸುತ್ತೇವಲ್ಲ, ಹಾಗೆ.

ಮಲ್ಲಪ್ಪ ಬಿರಾದಾರರ ಬೆಲ್ಲನ್ನಂತೂ ಇಡೀ ವಿಭಾಗವೇ ಗುರುತಿಸುತ್ತಿತ್ತು. ವಿಜಯಪುರದ ಕಡೆಯವರು, ನನಗಿಂತ ನಾಲ್ಕಾರು ವರ್ಷ ಹಿರಿಯರು. ಉಡುಪಿಯ ಕಡೆಯಿಂದ ಬಂದೂ ಹೋಟೆಲ್ ಸೇರದೆ ರೈಲ್ವೆ ಸೇರಿದ ನನ್ನನ್ನು ದಾರಿ ತಪ್ಪಿದವನೆಂದೇ ತಿಳಿದು ಅಕ್ಕರೆಯಿಂದ ನೋಡಿಕೊಂಡವರು. ಅವರ ಮೊದಲ ಬೆಲ್ ಚಿಕ್ಕದು. ಆಮೇಲೆ ಒಂದು ಬಿಡುವು, ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುವಷ್ಟು. ಅದಾದ ಮೇಲೆ ಎರಡನೆಯದು, ಉದ್ದಕ್ಕೆ ಎಳೆದದ್ದು. ಬೇರೆಯವರೆಲ್ಲ ಟಿಣ್‌ಟಿಣ್ ಎಂದು ಮುಗಿಸುವಲ್ಲಿ ಇವರದು ಒಂದು ಸಮಾರಂಭ.

"ನೀವು ಎರಡನೇ ಬೆಲ್ ಕೊಡುವಷ್ಟರಲ್ಲಿ ನಾನೊಂದು ನಿದ್ದೆ ಮುಗಿಸಬಹುದು ಮಾರಾಯ್ರೆ" ಎಂದು ಒಮ್ಮೆ ಕೆಣಕಿದ್ದೆ.

"ಮದಲನೇದು ಗಾಡಿಗೆ ಕೇಳೂದ್ರಿ ಸಾಹೇಬ್ರ. ಎರಡನೇದು ನಿಮಗ ಹೇಳೂದು. ಅದು ಹೂಂ ಅನ್ನೂತನ ತಡೀಬೇಕಲ್ಲ" ಎಂದಿದ್ದರು, ಮುಖದಲ್ಲಿ ನಗುವಿನ ಸುಳಿವಿಲ್ಲದೆ.

ಲಾಕ್‌ಡೌನ್ ಬಂತು. ಯುದ್ಧಕ್ಕೂ ಮಳೆಗೂ ಪೂರ್ತಿ ಬಗ್ಗದ ಲೋಕಲ್ ಸೇವೆ ಕಣ್ಣಿಗೆ ಕಾಣದ ಹುಳಕ್ಕೆ ಬಗ್ಗಿತು. ಆದರೂ ರೈಲ್ವೆಯನ್ನು ನಡೆಸುವವರನ್ನು ಕೆಲಸಕ್ಕೆ ಕರೆತರಲು ರೈಲ್ವೆಯೇ ಬೇಕಲ್ಲ. ಅದಕ್ಕೆಂದು ದಿನಕ್ಕೆ ಕೆಲವೇ ಸ್ಟಾಫ್ ಸ್ಪೆಷಲ್ ಗಾಡಿಗಳು ಓಡುತ್ತಿದ್ದವು. ಸಿಗ್ನಲ್ಲಿನವರು, ಹಳಿ ನೋಡುವವರು, ಕಸ ಗುಡಿಸುವವರು, ಡಬ್ಬಿಗೆ ಮೂವರೋ ನಾಲ್ವರೋ, ಮೂಲೆಗೊಬ್ಬರಂತೆ, ಪರಸ್ಪರ ಹಗೆಯವರ ಹಾಗೆ. ಡ್ಯೂಟಿಗೆ ಹಾಜರಾಗುವ ಲಾಬಿಯಲ್ಲಿ ನಾವು ಕುಡಿದಿಲ್ಲವೆಂದು ಊದಿಸಿ ನೋಡುತ್ತಿದ್ದ ಯಂತ್ರಕ್ಕೂ ರಜೆ ಕೊಟ್ಟು, ಹಣೆಗೆ ಪಿಸ್ತೂಲಿನಂಥದ್ದನ್ನು ಹಿಡಿದು ಜ್ವರ ಅಳೆಯುತ್ತಿದ್ದರು. ರೋಸ್ಟರ್ ಹಾಕುವ ಕ್ಲಾರ್ಕ್ ಬೆಳಗಿನಿಂದ ಫೋನ್ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಒಬ್ಬ ಕ್ವಾರಂಟೈನ್, ಒಬ್ಬನ ಬಿಲ್ಡಿಂಗ್ ಸೀಲ್, ಇನ್ನೊಬ್ಬ ಪಾಲಘರ್‌ನಲ್ಲಿ ಸಿಕ್ಕಿಬಿದ್ದವನು. ಯಾರ ಗಾಡಿಗೆ ಯಾರು ಎಂಬ ಹಳೆಯ ಜೋಡಿಗಳೆಲ್ಲ ಮುರಿದವು. ಬಂದವನೇ ಮೋಟರ್‌ಮನ್, ಇದ್ದವನೇ ಗಾರ್ಡ್.

ಬಿರಾದಾರರು ಮೊದಲ ವಾರಗಳನ್ನೆಲ್ಲ ದುಡಿದರು. ಒಂದು ಸಂಜೆ ಪಿಸ್ತೂಲು ಅವರ ಹಣೆಯ ಮುಂದೆ ಕೂಗಿಕೊಂಡಿತು. ಎರಡು ದಿನದಲ್ಲಿ ಜೋಗೇಶ್ವರಿಯ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದರು. ನಾಲ್ಕನೆಯ ದಿನ ಉಸಿರಾಟದ ಯಂತ್ರಕ್ಕೆ ಹಾಕಿದರು. ಅವರ ಹೆಂಡತಿ ಗಂಗಕ್ಕ ಕಾಂದಿವಲಿಯ ಮನೆಯಲ್ಲಿ ಒಬ್ಬರೇ. ಕೆಳಗೆ ಬಿದಿರು ಕಟ್ಟಿ ಬಿಲ್ಡಿಂಗ್ ಸೀಲ್ ಮಾಡಿದ್ದರು. ಒಬ್ಬಳೇ ಮಗಳು ಧಾರವಾಡದಲ್ಲಿ ಸಿಕ್ಕಿಕೊಂಡಿದ್ದಳು. ಗಂಗಕ್ಕನಿಗೆ ಕನ್ನಡ ಮತ್ತು ಬಜಾರಿನ ಮರಾಠಿ ಬಿಟ್ಟರೆ ಬೇರೆ ಬಾರದು. ಹಾಗಾಗಿ ದಿನಾ ವಾರ್ಡಿಗೆ ಫೋನ್ ಮಾಡಿ ಸುದ್ದಿ ತಿಳಿದು ಅವರಿಗೆ ತಲುಪಿಸುವ ಕೆಲಸ ನನಗೆ ಬಂತು. ಸಿಸ್ಟರ್ ಹೇಳುತ್ತಿದ್ದದ್ದು ಒಂದೇ ಪದ. ನಾನು ಅದನ್ನೇ ದಾಟಿಸುತ್ತಿದ್ದೆ.

"ಸ್ಟೇಬಲ್ ಅಂದ್ರ ಛಲೋನೋ ಕೆಟ್ಟದ್ದೋ, ಅಣ್ಣಾರ?" ಎಂದು ಗಂಗಕ್ಕ ಕೇಳಿದರು.

"ಕೆಟ್ಟದ್ದಲ್ಲ ಅಕ್ಕ" ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ನನ್ನದು ವಿರಾರ್ ಕಡೆಗೆ ಹೋಗುವ ಸ್ಪೆಷಲ್. ಮುಂದೆ ಸಾಳುಂಖೆ. ಲೋಕಲ್‌ಗಳನ್ನು ರಿಪೇರಿಗೆ ನಿಲ್ಲಿಸುವ ಕಾರ್‌ಶೆಡ್ಡಿನೊಳಗೆ ಗಾಡಿ ಸರಿಸುತ್ತಿದ್ದವನನ್ನು ಆಳಿಲ್ಲವೆಂದು ಲೈನಿಗೆ ಎಳೆದು ತಂದಿದ್ದರು. ಅವನೊಂದಿಗೆ ನನಗೆ ಅದೇ ಮೊದಲ ಡ್ಯೂಟಿ. ಚರ್ಚ್‌ಗೇಟಿನಿಂದ ಅಂಧೇರಿಯವರೆಗೆ ಅವನ ಬೆಲ್ ಅವನ ನಡಿಗೆಯಂತೆಯೇ ಗಡಿಬಿಡಿಯಲ್ಲಿತ್ತು: ಟಿಣ್‌ಟಿಣ್. ಬಿಸಿಲು ಧಗಧಗಿಸುತ್ತಿತ್ತು. ಪ್ಲಾಟ್‌ಫಾರ್ಮುಗಳಲ್ಲಿ ನಾಯಿಗಳು ಮಲಗಿದ್ದವು, ಜಾಗ ತಮ್ಮದೆನ್ನುವ ನೆಮ್ಮದಿಯಲ್ಲಿ.

ಜೋಗೇಶ್ವರಿಯಲ್ಲಿ ಇಬ್ಬರು ಇಳಿದರು. ನಾನು ಎರಡು ಬೆಲ್ ಕೊಟ್ಟೆ. ಉತ್ತರ ಬಂತು. ಟಿಣ್. ಆಮೇಲೆ ಬಿಡುವು. ಆಮೇಲೆ, ಉದ್ದಕ್ಕೆ, ಟೀಣ್.

ಗಾಡಿ ಹೊರಟಿತು. ನಾನು ನಿಂತಲ್ಲೇ ನಿಂತಿದ್ದೆ. ಕಿವಿ ತಪ್ಪಿತೆಂದುಕೊಂಡೆ, ಮನಸ್ಸಿನಲ್ಲಿದ್ದದ್ದು ಕಿವಿಗೆ ಬಂತೆಂದುಕೊಂಡೆ. ಇಷ್ಟು ಬುದ್ಧಿವಂತಿಕೆ ನನ್ನಲ್ಲಿತ್ತು. ಗೋರೆಗಾಂವ್‌ನಲ್ಲಿ ಮತ್ತೆ ಎರಡು ಕೊಟ್ಟೆ. ಮತ್ತೆ ಅದೇ. ಬಿಡುವು ಕೂಡ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಮಲಾಡಿನಲ್ಲಿ ನಾನು ಬೆಲ್ ಕೊಡುವ ಮೊದಲು ಹೊರಗೆ ಬಾಗಿ ಮುಂದಕ್ಕೆ ನೋಡಿದೆ. ಹನ್ನೆರಡು ಡಬ್ಬಿಗಳಾಚೆ ಕಿಟಕಿಯಲ್ಲಿ ಒಂದು ಬಿಳಿ ತೋಳು. ಮೋಟರ್‌ಮನ್ನರದೆಲ್ಲ ಬಿಳಿ ತೋಳೇ. ಬಿಸಿಲಿಗೆ ಹಳಿಯ ಮೇಲಿನ ಗಾಳಿ ನಡುಗುತ್ತಿತ್ತು. ಒಳಗೆ ಬಂದು ಒತ್ತಿದೆ. ಟಿಣ್, ಬಿಡುವು, ಟೀಣ್. ನನ್ನ ಕೈಕಾಲು ತಣ್ಣಗಾದವು. ಮೇ ತಿಂಗಳ ಮುಂಬಯಿಯಲ್ಲಿ ಅದು ಸುಲಭದ ಸಾಧನೆಯಲ್ಲ.

ನನಗೆ ಹೊಳೆದದ್ದು ಒಂದೇ ಅರ್ಥ. ನಿಮಗೂ ಅದೇ ಹೊಳೆದಿರಬೇಕು. ಜೋಗೇಶ್ವರಿಯಿಂದ ಹತ್ತಿದ್ದಾರೆ. ಕಾಂದಿವಲಿಯಲ್ಲಿ ಮನೆ.

ಕಾಂದಿವಲಿ ಬಂತು. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ, ಕಣ್ಣಿಗೆ ಕಂಡಮಟ್ಟಿಗೆ. ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಗಾಡಿ ನಿಲ್ಲಿಸಿದೆ. ಕೊನೆಗೆ ಎರಡು ಕೊಟ್ಟೆ. ಉತ್ತರ ಟಿಣ್‌ಟಿಣ್ ಎಂದು ಬಂತು, ಸಾಳುಂಖೆಯದು, ಇಷ್ಟೇಕೆ ತಡ ಎಂದು ಬೈದಂತೆ. ವಿರಾರ್ ತನಕ ಮತ್ತೆ ಆ ಬೆಲ್ ಕೇಳಲಿಲ್ಲ.

ವಿರಾರಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಸಾಳುಂಖೆಯನ್ನು ಹಿಡಿದೆ. ನಡುವೆ ಬೆಲ್ಲನ್ನೇನಾದರೂ ಬೇರೆ ರೀತಿ ಒತ್ತಿದೆಯಾ ಎಂದು ಕೇಳಿದೆ. ಅವನಿಗೆ ಅವಮಾನವಾಯಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ತನ್ನ ಬೆಲ್ಲಿನ ಮೇಲೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ಎರಡಕ್ಕೆ ಎರಡು ಕೊಟ್ಟಿದ್ದೇನೆ, ಬೇಕಿದ್ದರೆ ಬರೆದು ಕೊಡಿ ಎಂದ. ಎರಡಕ್ಕೆ ಎರಡು ಬಂದದ್ದು ನಿಜವೇ. ದೂರು ಬರೆಯಲು ನಿಯಮದಲ್ಲಿ ಕಲಮಿರಲಿಲ್ಲ.

ಫೋನ್ ತೆರೆದರೆ ಗಂಗಕ್ಕ ಆಗಲೇ ಎರಡು ಸಲ ಕರೆದಿದ್ದರು. ಆ ಗಳಿಗೆಯಲ್ಲಿ ನಾನು ತಿರುಗಿ ಕರೆಯಲಿಲ್ಲ. ಖಾಲಿ ಬೆಂಚಿನ ಮೇಲೆ ಕೂತು, ಏನು ಹೇಳುವುದೆಂದು ಮೊದಲು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಕನ್ನಡದಲ್ಲಿ ಆ ಸುದ್ದಿ ಹೇಳಲು ಎಷ್ಟು ಮೆತ್ತಗಿನ ಪದಗಳಿವೆಯೋ ಅಷ್ಟನ್ನೂ ಹುಡುಕಿದೆ. ಒಂದೂ ಬಿರಾದಾರರ ಹೆಸರಿಗೆ ಹೊಂದಲಿಲ್ಲ. ಆಮೇಲೆ ವಾರ್ಡಿಗೆ ಫೋನ್ ಮಾಡಿದೆ.

ಬಿರಾದಾರರು ಕಣ್ಣು ಬಿಟ್ಟಿದ್ದಾರೆ ಎಂದಳು ಸಿಸ್ಟರ್. ಇದೇ ಮಧ್ಯಾಹ್ನ, ಡ್ಯೂಟಿ ಡಾಕ್ಟರ್ ಎದುರಿಗೇ. ಇನ್ನು ಭಯವಿಲ್ಲವೆನ್ನುತ್ತಾರೆ. ಅವಳ ದನಿಯಲ್ಲಿ ಮೊದಲ ಸಲ ಬೇರೆ ಪದಗಳು ಬಂದದ್ದು ಕೇಳಿ ನನಗೆ ಅಳು ಬಂತು. ಗಂಗಕ್ಕನಿಗೆ ಕೂಡಲೇ ಹೇಳಿದೆ. ಫೋನನ್ನು ದೇವರ ಮುಂದೆ ಇಟ್ಟರೆಂದು ಕಾಣುತ್ತದೆ, ಗಂಟೆಯ ಸದ್ದು ಕೇಳಿಸಿತು. ನಾನು ನನ್ನ ಭೂತವನ್ನು ಅಲ್ಲೇ ವಿರಾರಿನ ಬೆಂಚಿನ ಮೇಲೆ ಬಿಟ್ಟು ಎದ್ದೆ. ಬದುಕಿದ್ದವರ ಭೂತವಿರುವುದಿಲ್ಲ ಎಂಬಲ್ಲಿಗೆ ವಿಚಾರಣೆ ಮುಕ್ತಾಯ.

ಮುಕ್ತಾಯವಾಗಲಿಲ್ಲ. ಬಿರಾದಾರರು ಮನೆಗೆ ಬಂದದ್ದು ಮಳೆ ಹಿಡಿದ ಮೇಲೆ. ಅರ್ಧ ದೇಹ ಆಸ್ಪತ್ರೆಯಲ್ಲೇ ಉಳಿದಿತ್ತು. ಡಾಕ್ಟರುಗಳು ಪರೀಕ್ಷಿಸಿ ಗಾಡಿ ಓಡಿಸಲು ಅನರ್ಹ ಎಂದರು. ಅವರನ್ನು ಲಾಬಿಯಲ್ಲಿ ಒಂದು ಮೇಜಿನ ಹಿಂದೆ ಕೂರಿಸಿದರು. ಬೇರೆಯವರು ಡ್ಯೂಟಿಗೆ ಹೋಗುವುದನ್ನು ನೋಡುವ ಡ್ಯೂಟಿ. ಹಾಸ್ಯ ಮೊದಲಿನಂತೆಯೇ ಇತ್ತು, ತಂಬಾಕು ಬಿಟ್ಟಿದ್ದರು. ಆದರೆ ಮಾತಿನ ನಡುವೆ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಏನೆಂದು ಕೇಳಿದರೆ, "ಏನಿಲ್ರಿ, ಏನೋ ಇಟ್ಟ ಜಾಗಾ ಮರತಂಗ ಆಗತೈತಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಯಾವುದೋ ಕೆಲಸಕ್ಕೆ ಇಬ್ಬರೂ ಕಾರ್‌ಶೆಡ್ಡಿಗೆ ಹೋಗಿದ್ದೆವು. ಪರೀಕ್ಷೆ ಮುಗಿದ ಗಾಡಿಯೊಂದು ಕರೆಂಟ್ ಸಮೇತ ನಿಂತಿತ್ತು. ಒಂದು ಸಲ ಬೆಲ್ ಒತ್ತಬೇಕು ಎಂದರು. ಶೆಡ್ಡಿನವರನ್ನು ಕೇಳಿ, ಅವರನ್ನು ಮುಂದಿನ ಕ್ಯಾಬಿಗೆ ಹತ್ತಿಸಿ, ನಾನು ಹಿಂದಿನ ತುದಿಗೆ ನಡೆದೆ. ಆ ದಾರಿ ಅಷ್ಟು ಉದ್ದವೆಂದು ಅದುವರೆಗೆ ಗೊತ್ತಿರಲಿಲ್ಲ. ಹತ್ತಿ, ಎರಡು ಬೆಲ್ ಕೊಟ್ಟೆ.

ಟಿಣ್‌ಟಿಣ್.

ನಾನು ಇನ್ನೊಮ್ಮೆ ಕೊಟ್ಟೆ. ಮತ್ತೆ ಟಿಣ್‌ಟಿಣ್. ಬಿಡುವಿಲ್ಲ, ಎಳೆತವಿಲ್ಲ, ಪುಸ್ತಕದಲ್ಲಿ ಅಚ್ಚಾದಂಥ ಬೆಲ್. ಅವರಿಂದ ಅಂಥದ್ದನ್ನು ಹೊರಡಿಸಲು ನಾವೆಲ್ಲ ವರ್ಷಗಟ್ಟಲೆ ಕೀಟಲೆ ಮಾಡಿ ಸೋತಿದ್ದೆವು. ಅದು ಯಾರ ಬೆಲ್ಲೂ ಆಗಿರಲಿಲ್ಲ. ನಾನು ಯಾವತ್ತೂ ಜೊತೆಗೆ ದುಡಿಯದ ಒಬ್ಬ ಮನುಷ್ಯ ಆ ತುದಿಯಲ್ಲಿ ಕೂತಿದ್ದ.

ನಿಧಾನವಾಗಿ ವಾಪಸು ನಡೆದೆ. ಬಿರಾದಾರರು ಬೆಲ್ಲಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಹ್ಯಾಂಗಿತ್ತು ಎಂದರು. "ಅದೇ. ನಿಮ್ಮದೇ" ಎಂದೆ.

"ಸುಳ್ಳ ಹೇಳಬ್ಯಾಡ್ರಿ ಸಾಹೇಬ್ರ" ಎಂದರು. "ನನಗೂ ಕೇಳಿಸ್ತು."

ಆ ಮಧ್ಯಾಹ್ನದ ವಿಷಯವನ್ನು ನಾನು ಅವರಿಗೆ ಇಂದಿಗೂ ಹೇಳಿಲ್ಲ. ಲಾಬಿಯಲ್ಲಿ ದಿನಾ ಅವರ ಮೇಜಿನ ಮುಂದೆ ನಿಂತು ಸಹಿ ಮಾಡುತ್ತೇನೆ, ಬಾಯಿ ತನಕ ಬರುತ್ತದೆ. ಹೇಳಿದರೆ ಅವರು ಏನು ಕೇಳುತ್ತಾರೆಂದು ನನಗೆ ಗೊತ್ತು. ಜೋಗೇಶ್ವರಿಯಲ್ಲಿ ಹತ್ತಿದ ನನ್ನ ಬೆಲ್ ಕಾಂದಿವಲಿಯಲ್ಲಿ ಇಳಿಯಿತೆಂದರೆ, ಮನೆಗೇಕೆ ಬರಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಲಿ? ಆ ಹೊತ್ತು ನಾನು ಬೇಕಾದ್ದಕ್ಕಿಂತ ಹೆಚ್ಚು ಕಾದೆ, ಪ್ಲಾಟ್‌ಫಾರ್ಮನ್ನು ಕೊನೆಯವರೆಗೂ ನೋಡಿದೆ. ಯಾರೂ ಇರಲಿಲ್ಲ.